ಬರ್ತೀನಿ ಅಂದ ಮಾತು

ಅಜ್ಜಿ ಬಾಯಿ ತಪ್ಪಿ ಚೀನಾಕ್ಕೆ ಹೋಗುವುದಾಗಿ ಮಾತು ಕೊಟ್ಟುಬಿಟ್ಟಳು ಎಂದು ನೀವಿಬ್ಬರೂ ಶಾಲೆಯಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ನಕ್ಕಿದ್ದು ನನಗೆ ಗೊತ್ತು. ನಗಬೇಡಿ ಎನ್ನುವುದಿಲ್ಲ, ನನಗೂ ಒಮ್ಮೊಮ್ಮೆ ನಗು ಬರುತ್ತದೆ. ಆದರೆ ನಿಮಗೆ ಗೊತ್ತಿರುವುದು ಅರ್ಧ. ಉಳಿದರ್ಧವನ್ನು ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಗಂಟಲು ಸರಿ ಮಾಡಿಕೊಳ್ಳುವಷ್ಟರಲ್ಲಿ ನೀವು ಎದ್ದು ಹೋಗಿರುತ್ತೀರಿ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಅಕ್ಷರ ದುಂಡಗಿದೆ ಎಂದು ಮೇಷ್ಟ್ರು ಹೇಳಿದ್ದು ಬಿಟ್ಟರೆ ಬರವಣಿಗೆಯಲ್ಲಿ ನನಗೆ ಬೇರೆ ಹೆಚ್ಚುಗಾರಿಕೆಯಿಲ್ಲ. ನಿಮಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮಮ್ಮ ಓದಿ ಹೇಳುತ್ತಾಳೆ, ಇಲ್ಲವೇ ಯಾವತ್ತಾದರೂ ನೀವೇ ಕಲಿಯುತ್ತೀರಿ.

ಫ್ಲೂಗರ್‌ವಿಲ್‌ನ ಈ ಮನೆಗೆ, ಅಮೇರಿಕಾಕ್ಕೆ, ನಾನು ಬಂದು ಐದು ವರ್ಷ. ನಿಮ್ಮ ತಾತ ತೀರಿಕೊಂಡ ವರ್ಷದ ಕೊನೆಗೆ ಬಂದವಳು. ಬಂದ ಹೊಸದರಲ್ಲಿ ಶನಿವಾರ ಬಂತೆಂದರೆ ನಿಮ್ಮಪ್ಪ ಅಮ್ಮ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸಲು ಹೊರಡುತ್ತಿದ್ದರು. ಆಸ್ಟಿನ್ನಿನ ಕೆಂಪು ಕಲ್ಲಿನ ವಿಧಾನಸೌಧ, ಸೇತುವೆಯ ಕೆಳಗೆ ನೇತಾಡುವ ಬಾವಲಿಗಳು, ಹೂಸ್ಟನ್ನಿನಲ್ಲಿ ಮಲಗಿಸಿಟ್ಟ ರಾಕೆಟ್ಟು, ಡಲ್ಲಾಸಿನಲ್ಲಿ ಹಳ್ಳ ದಾಟುತ್ತಿರುವ ಹಾಗೆ ನಿಲ್ಲಿಸಿರುವ ಕಂಚಿನ ದನಗಳ ಹಿಂಡು. ಪ್ರತಿಯೊಂದರ ಮುಂದೂ ನನ್ನನ್ನು ನಿಲ್ಲಿಸಿ ಫೋಟೊ ತೆಗೆದರು. ಈಗ ಆ ಫೋಟೊಗಳನ್ನು ನೋಡಿದರೆ ಎಲ್ಲದರಲ್ಲೂ ನಾನು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವಳ ಹಾಗೆ ಕಾಣುತ್ತೇನೆ. ದನಗಳು ಮಾತ್ರ ಇಷ್ಟವಾದವು. ಒಂದರ ಬೆನ್ನು ಸವರಲು ಹೋದೆ, ಬಿಸಿಲಿಗೆ ಕಾದಿದ್ದ ಕಂಚು ಕೈ ಸುಟ್ಟಿತು. ಊರು ನೋಡುವುದೆಂದರೆ ಇಷ್ಟೇ ಇರಬೇಕು ಎಂದುಕೊಂಡೆ. ಯಾರೂ ಪರಿಚಯವಿಲ್ಲದ ಕಡೆ ಹೋಗಿ, ದೊಡ್ಡದೊಂದು ವಸ್ತುವಿನ ಮುಂದೆ ನಿಂತು, ತಿರುಗಿ ಬರುವುದು.

ವಾರದ ದಿನಗಳಲ್ಲಿ ಎಲ್ಲರೂ ಹೊರಟ ಮೇಲೆ ಒಂಬತ್ತು ಗಂಟೆಗೆ ನಾನು ಕೆರೆ ಏರಿಯ ಮೇಲೆ ನಡೆಯಲು ಹೋಗುತ್ತಿದ್ದೆ. ನಾನು ಕೆರೆ ಎಂದಾಗಲೆಲ್ಲ ನಿಮ್ಮಮ್ಮ ನಗುತ್ತಾಳೆ.

"ಅಮ್ಮ, ಅದು ಕೆರೆ ಅಲ್ಲ. ಮಳೆ ನೀರು ನಿಲ್ಲೋಕೆ ಬಿಲ್ಡರ್ ತೋಡಿರೋ ಹೊಂಡ."

"ಮಳೆ ನೀರು ನಿಲ್ಲೋಕೆ ತೋಡೋದನ್ನೇ ಕಣೇ ಕೆರೆ ಅನ್ನೋದು."

ಅಲ್ಲೇ ಒಂದು ದಿನ ನನ್ನ ಹಿಂದಿನಿಂದ ಒಂದು ಪುಟ್ಟ ಹುಡುಗಿ "ನಾಯ್ ನಾಯ್, ನಾಯ್ ನಾಯ್" ಎಂದು ಕೂಗಿದಳು. ನನಗೆ ನಾಯಿ ಕಂಡರೆ ಎಷ್ಟು ಭಯ ಎಂದು ನಿಮಗೆ ಗೊತ್ತು. ಹಿಂದೆ ತಿರುಗಿ ನೋಡದೆ ಹುಲ್ಲಿನ ಮೇಲೆ ಹತ್ತಿ ಒಂದು ಬೆಂಚಿನ ಹಿಂದೆ ನಿಂತುಕೊಂಡೆ. ನಾಯಿ ಎಲ್ಲೂ ಇರಲಿಲ್ಲ. ನನ್ನಷ್ಟೇ ವಯಸ್ಸಿನ, ಹೂವಿನ ಚಿತ್ರವಿರುವ ಹತ್ತಿಯ ಮೇಲಂಗಿ ತೊಟ್ಟ ಒಬ್ಬ ಹೆಂಗಸು ಕೈ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು, ಹುಡುಗಿ ಓಡಿ ಹೋಗಿ ಅವರ ಕಾಲು ಹಿಡಿದಳು. ಅವರ ಭಾಷೆಯಲ್ಲಿ ಅಪ್ಪನ ಅಮ್ಮನನ್ನು ಹಾಗೆ ಕರೆಯುತ್ತಾರೆ ಎಂದು ನಿಮ್ಮಲ್ಲಿ ದೊಡ್ಡವಳು ಆಮೇಲೆ ತಿಳಿಸಿದಳು. ಆದರೆ ನಾನು ಬೆಂಚಿನ ಹಿಂದಿನಿಂದ ಹೊರಗೆ ಬಂದದ್ದನ್ನು ಅವರು ನೋಡಿದರು, ನಕ್ಕರು, ನಾನೂ ನಕ್ಕೆ. ನಮ್ಮ ಪರಿಚಯ ಶುರುವಾದದ್ದು ಹೀಗೆ. ನೀವು ಅವರನ್ನು ಚೀನಾ ಅಜ್ಜಿ ಎಂದಿರಿ, ನಾನೂ ಹಾಗೇ ಬರೆಯುತ್ತೇನೆ. ಅವರು ನೀವು ಕೂಗುವುದನ್ನು ಕೇಳಿ ನನ್ನನ್ನು 'ಆಜಿ' ಎಂದರು.

ಅವರಿಗೆ ಇಂಗ್ಲಿಷ್ ಬಾರದು, ನನಗೂ ಬಾರದು. ಅವರ ಫೋನಿನಲ್ಲಿ ಮಾತು ಬದಲಾಯಿಸಿ ಹೇಳುವ ಒಂದು ಆಪ್ ಇತ್ತು. ಅವರ ಮಗ ಹಾಕಿಕೊಟ್ಟದ್ದು. ಮೊದಲ ದಿನ ಅವರು ಏನೋ ಹೇಳಿದರು, ಫೋನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿತು: "ನೀವು ಊಟ ಮಾಡಿದ್ದೀರಾ?" ಬೆಳಗ್ಗೆ ಒಂಬತ್ತೂವರೆ. ನನಗೆ ಎಷ್ಟು ಸಂತೋಷವಾಯಿತೆಂದರೆ, ಇವರು ನಮ್ಮವರೇ, ಇವರ ಜೊತೆ ಮಾತು ತಪ್ಪುವುದೇ ಇಲ್ಲ ಎಂದುಕೊಂಡುಬಿಟ್ಟೆ. ಆ ಫೋನಿಗೆ ಮನೆಮಾತು ಅರ್ಥವಾಗುತ್ತಿರಲಿಲ್ಲ. "ಕಾಲ್ನೋವು ಸ್ವಲ್ಪ ವಾಸಿ" ಎಂದರೆ ಏನೇನೋ ಹೇಳುತ್ತಿತ್ತು. "ನನ್ನ ಕಾಲಿನ ನೋವು ಕಡಿಮೆಯಾಗಿದೆ" ಎಂದು ಪಾಠ ಒಪ್ಪಿಸಿದ ಹಾಗೆ ಹೇಳಿದರೆ ಸರಿಯಾಗುತ್ತಿತ್ತು. ಅರವತ್ತೆಂಟನೇ ವಯಸ್ಸಿನಲ್ಲಿ ಕೆರೆ ದಂಡೆಯಲ್ಲಿ ನಿಂತು ಪುಸ್ತಕದ ಕನ್ನಡ ಮಾತಾಡಿದೆ. ಮೇಷ್ಟ್ರು ಕೇಳಿದ್ದರೆ ಖುಷಿಪಡುತ್ತಿದ್ದರು.

ಚೀನಾ ಅಜ್ಜಿಯದು ಚಿಕ್ಕ ಊರಂತೆ. ಅವರೇ ಹಾಗೆ ಹೇಳಿದರು, ಅದರ ಹೆಸರು ನನ್ನ ಬಾಯಿಗೆ ಕೂರುವುದಿಲ್ಲ. ಚಿಕ್ಕ ಊರು ಎಂದಾಗ ನಾನು ನಮ್ಮ ಹೋಬಳಿಯಷ್ಟಿರಬೇಕು ಎಂದು ತಿಳಿದೆ. ಫೋಟೊ ತೋರಿಸಿದರು: ಮೂವತ್ತು ಮಹಡಿಯ ಕಟ್ಟಡಗಳು ಸಾಲಾಗಿ ನಿಂತಿವೆ, ಕೆಳಗೆ ರೈಲು ಹೋಗುತ್ತಿದೆ. ಇದು ಚಿಕ್ಕದಾ ಎಂದು ಕೇಳಿದೆ. ಹೌದು, ಹೊರಗಿನವರು ಯಾರೂ ಬರುವುದಿಲ್ಲ, ಹೆಸರೂ ಕೇಳಿರುವುದಿಲ್ಲ, ದೊಡ್ಡ ಊರುಗಳಿಗೆ ಹೋಗುವವರು ರೈಲಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ ಎಂದರು. ಅವರ ಮುಖದಲ್ಲಿ ಅದರ ಬಗ್ಗೆ ಸ್ವಲ್ಪ ಸಿಟ್ಟೂ ಇತ್ತು. ನಿವೃತ್ತಿಯಾಗುವ ಮುಂಚೆ ಅವರು ಆ ಊರಿನ ಮ್ಯೂಸಿಯಮ್ಮಿನ ಬಾಗಿಲಲ್ಲಿ ಟಿಕೆಟ್ ಹರಿದು ಕೊಡುವ ಕೆಲಸ ಮಾಡುತ್ತಿದ್ದರಂತೆ. ಬಂದವರಿಗಿಂತ ಬಾರದವರ ಲೆಕ್ಕವೇ ಅವರ ಮನಸ್ಸಿನಲ್ಲಿ ಉಳಿದಿತ್ತು.

ಫೋಟೊ ನೋಡಿ ಮುಗಿದ ಮೇಲೆ ಅವರಿಗೆ ತೃಪ್ತಿಯಾಗಲಿಲ್ಲ. ಒಂದು ಬೆಳಗ್ಗೆ ನನ್ನ ಮುಂಗೈ ಹಿಡಿದು, ಕೆರೆ ನೀರು ಹೊರಗೆ ಹೋಗುವ ಸಿಮೆಂಟಿನ ಮೋರಿಯ ಮೇಲೆ ನಿಲ್ಲಿಸಿ, ಫೋನಿಗೆ ಹೇಳಿದರು. ಫೋನು ಹೇಳಿತು: "ಇದು ಹಳೆಯ ಕಲ್ಲಿನ ಸೇತುವೆ." ನನಗೆ ಅರ್ಥವಾಗಲಿಲ್ಲ. ಅವರು ಮುಂದೆ ನಡೆಸಿಕೊಂಡು ಹೋಗಿ, ಕರೆಂಟಿನ ಹಸಿರು ಡಬ್ಬದ ಹತ್ತಿರ ನಿಂತು, ಎರಡು ಕೈಯಲ್ಲಿ ನಗಾರಿ ಬಾರಿಸುವ ಹಾಗೆ ಮಾಡಿದರು. "ಇದು ನಗಾರಿ ಗೋಪುರ." ಆಮೇಲೆ ತಿಳಿಯಿತು, ಅವರು ತಮ್ಮ ಊರನ್ನು ನಮ್ಮ ಕೆರೆಯ ಸುತ್ತ ಹರಡುತ್ತಿದ್ದಾರೆ. ಸಾಲಾಗಿ ನಿಂತ ಟಪಾಲು ಡಬ್ಬಗಳು ಹಳೆಯ ಪೇಟೆ ಬೀದಿ, ಎಡಕ್ಕೆ ಎಳ್ಳಿನ ಮಿಠಾಯಿ ಅಂಗಡಿ, ಬಲಕ್ಕೆ ಛತ್ರಿ ಮಾಡುವವರ ಮನೆ. ಮಕ್ಕಳ ಜಾರುಬಂಡೆಯ ಹಿಂದಿನ ದಿಬ್ಬ, ಬೆಟ್ಟ. ಅದಕ್ಕೆ ಕಲ್ಲಿನ ಮೆಟ್ಟಿಲು, ಮೇಲೆ ಸನ್ಯಾಸಿನಿಯರ ಒಂದು ಮಠ. ನಮ್ಮ ಕೆರೆ ಅವರ ತಾವರೆ ಕೆರೆ. ಅದಕ್ಕೆ ಮಾತ್ರ ಹೆಚ್ಚು ವಿವರಣೆ ಬೇಕಾಗಲಿಲ್ಲ.

ದಿನಕ್ಕೆ ಒಂದು ಸುತ್ತು, ದಿನಕ್ಕೊಂದು ಹೊಸ ಸಂಗತಿ. ಸೇತುವೆಯ ಮೂರನೇ ಕಮಾನಿನ ಕೆಳಗೆ ದೋಣಿಯವರು ಕೈಯಿಟ್ಟು ಸವೆಸಿದ ಒಂದು ಗುಳಿಯಿದೆ. ನಗಾರಿಯನ್ನು ಈಗ ಬಾರಿಸುವುದಿಲ್ಲ, ಅದರ ಚರ್ಮ ಒಡೆದಿದೆ, ಹೊಸದು ಹಾಕಿಸುತ್ತೇವೆ ಎಂದು ಚೀನಾ ಅಜ್ಜಿ ಮದುವೆಯಾದಾಗಿನಿಂದ ಊರವರು ಹೇಳುತ್ತಿದ್ದಾರೆ. ಹೂಸ್ಟನ್ನಿನ ರಾಕೆಟ್ಟಿನ ಬಗ್ಗೆ ಇಂಥ ಒಂದು ಮಾತೂ ನನಗೆ ಗೊತ್ತಿಲ್ಲ.

"ನಿಮ್ಮ ಊರಿನಲ್ಲಿ ನೋಡಲು ಏನಿದೆ?" ಎಂದು ಫೋನಿನ ಬಾಯಲ್ಲಿ ಕೇಳಿದರು.

"ಏನೂ ಇಲ್ಲ" ಎಂದೆ. ಅವರು ಬಿಡಲಿಲ್ಲ. ಟಿಕೆಟ್ ಹರಿಯುತ್ತಿದ್ದವರಲ್ಲವೇ, ಏನೂ ಇಲ್ಲದ ಊರನ್ನು ಅವರು ಒಪ್ಪುವವರಲ್ಲ. ಕೊನೆಗೆ ಯೋಚಿಸಿ, ಊರ ಮುಂದೆ ಒಂದು ವೀರಗಲ್ಲಿದೆ, ದನ ಕಾಯಲು ಹೋಗಿ ಸತ್ತವನದು, ಕುದುರೆಯ ಮೇಲೆ ಅವನ ಚಿತ್ರವಿದೆ, ನಾವು ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದೆವು ಎಂದೆ. ಫೋನು ಅದನ್ನು ಏನೆಂದು ಹೇಳಿತೋ. ಅವರು ನಿಂತುಬಿಟ್ಟರು. ಎಷ್ಟು ವರ್ಷದ್ದು ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ನೀವು ಕೇಳಲಿಲ್ಲವೇ ಎಂದರು. ಆ ದಿನ ಮನೆಗೆ ಬಂದು ನಿಮ್ಮಮ್ಮನಿಂದ ನನ್ನ ತಮ್ಮನಿಗೆ ಫೋನ್ ಮಾಡಿಸಿ ಕೇಳಿದೆ. ಅವನು, "ಅಕ್ಕಾ, ಅಮೇರಿಕಾದಲ್ಲಿ ಕೂತು ಅದೇನು ವಿಚಾರ ಬಂತು ನಿನಗೆ" ಎಂದ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ತಪ್ಪು ಎರಡು. ಒಂದು ನನ್ನ ಕಿವಿಯದು, ಇನ್ನೊಂದು ಅವರ ಕಿವಿಯದು.

ನಾನು ಹೊರಡುವಾಗ ಅವರು ದಿನಾ ಒಂದೇ ಮಾತು ಹೇಳುತ್ತಿದ್ದರು, ಫೋನು ಅದನ್ನು "ನಿಧಾನವಾಗಿ ನಡೆಯಿರಿ" ಎನ್ನುತ್ತಿತ್ತು. ನನ್ನ ಮಂಡಿ ನೋವು ನೋಡಿ ಹೇಳುತ್ತಾರೆ ಎಂದು ತಿಳಿದೆ. ಮೊದಮೊದಲು ಕಕ್ಕುಲಾತಿ ಎನಿಸಿತು. ಆಮೇಲೆ ಬೇಸರವಾಯಿತು, ಅಷ್ಟೇನು ಮುದುಕಿಯಾಗಿಲ್ಲ ನಾನು ಎಂದು. ಅವರು ನೋಡುತ್ತಿರುವಾಗ ಬೇಕೆಂದೇ ಬಿರುಸಾಗಿ ನಡೆದೆ, ಎರಡು ದಿನ ಮಂಡಿ ಊದಿಕೊಂಡಿತು. ನಿಮ್ಮಮ್ಮ ಒಂದು ಭಾನುವಾರ ಅವರ ಮಗನನ್ನು ಕೇಳಿದಾಗ, ಅದು ಮನೆಗೆ ಬಂದವರು ಹೊರಟಾಗ ಯಾರಿಗೆ ಬೇಕಾದರೂ ಹೇಳುವ ಮಾತು, ಇಪ್ಪತ್ತು ವರ್ಷದ ಹುಡುಗನಿಗೂ ಹೇಳುತ್ತಾರೆ ಎಂದು ಗೊತ್ತಾಯಿತು. ನಾವೆಲ್ಲ ನಕ್ಕೆವು. ಅವರ ಮಾತು ನನ್ನ ಕಿವಿಯಲ್ಲಿ ಏನಾಯಿತು ಎಂದು ನಕ್ಕವಳಿಗೆ, ನನ್ನ ಮಾತು ಅವರ ಕಿವಿಯಲ್ಲಿ ಏನಾಗುತ್ತಿದೆ ಎಂದು ಹೊಳೆಯಲಿಲ್ಲ.

ಆಗಸ್ಟಿನಲ್ಲಿ ಚೀನಾ ಅಜ್ಜಿಯ ಮೊಮ್ಮಗಳು ಶಾಲೆಗೆ ಸೇರುವುದಿತ್ತು. ಮಗುವನ್ನು ನೋಡಿಕೊಳ್ಳಲು ಬಂದವರಿಗೆ ಇನ್ನು ಕೆಲಸವಿರಲಿಲ್ಲ. ಅವರು ಊರಿಗೆ ಹೋಗುತ್ತೇನೆ, ಮತ್ತೆ ಇಲ್ಲಿಗೆ ಬರುವುದಿಲ್ಲ, ಅಷ್ಟು ದೂರ ಕೂರಲು ಬೆನ್ನು ಕೊಡುವುದಿಲ್ಲ ಎಂದು ಮಾಮೂಲಿ ದನಿಯಲ್ಲೇ ಹೇಳಿದರು. ಜೂನ್ ತಿಂಗಳು, ಬಿಸಿಲೇರಿತ್ತು, ನಾನು ಬೆಂಚಿನಿಂದ ಎದ್ದಿದ್ದೆ. ಅವರು ನನ್ನ ಸೆರಗು ಹಿಡಿದು ಫೋನಿಗೆ ಏನೋ ಹೇಳಿದರು. "ನೀವು ನನ್ನ ಊರನ್ನು ನೋಡಲು ಬರುತ್ತೀರಾ?" ಎಂದಿತು ಫೋನು. ಯಾರಾದರೂ ನಮ್ಮೂರಿಗೆ ಬನ್ನಿ ಎಂದರೆ ನಾವು ಹೇಳುವುದಿಲ್ಲವೇ, ಅದಕ್ಕೇನಂತೆ ಎಂದು? ನಾನು ತಲೆಯಾಡಿಸಿದೆ. ಆಮೇಲೆ, ಹೊರಟಿದ್ದೆನಲ್ಲ, ಹೊರಡುವಾಗ ದಿನಾ ಹೇಳುವ ಹಾಗೆ "ಬರ್ತೀನಿ" ಎಂದು ಹೇಳಿ ಮನೆಗೆ ಬಂದೆ.

ಫೋನಿಗೆ ಅಷ್ಟು ಹೊತ್ತಿಗೆ ನನ್ನ ಆ ಒಂದು ಮನೆಮಾತು ಚೆನ್ನಾಗಿ ಅರ್ಥವಾಗುತ್ತಿತ್ತು.

ಮೂರು ವಾರವಾದ ಮೇಲೆ ಒಂದು ಶನಿವಾರ ಅವರ ಮಗ ನಮ್ಮ ಮನೆಗೆ ಬಂದರು. ನಾನು ಎಂದಿನಂತೆ ಕಾಫಿಗೆಂದು ಒಳಗೆ ಹೋದೆ. ನಡುಮನೆಯಲ್ಲಿ ಇಂಗ್ಲಿಷಿನ ಮಧ್ಯೆ ಎರಡು ಮೂರು ಸಲ 'ಆಜಿ' ಎಂದು ಕೇಳಿಸಿತು. ಅವರು ಹೋದ ಮೇಲೆ ನಿಮ್ಮಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತಳು.

"ಅಮ್ಮ, ನೀನು ಚೀನಾಕ್ಕೆ ಹೋಗ್ತಿದೀಯಾ?"

"ಯಾರು?"

"ನೀನು. ಅಕ್ಟೋಬರಲ್ಲಿ. ಒಂಬತ್ತು ದಿನ. ನನಗೊಂದು ಮಾತು ಹೇಳೋದಲ್ವಾ?"

"ನನಗೇ ಗೊತ್ತಿಲ್ವಲ್ಲೇ."

"ನೀನೇ ಬರ್ತೀನಿ ಅಂದೆಯಂತೆ. ಇನ್ವಿಟೇಶನ್ ಲೆಟರ್ ಮಾಡ್ಸೋಕೆ ಪಾಸ್‌ಪೋರ್ಟ್ ಕಾಪಿ ಬೇಕಂತೆ."

ನಿಮ್ಮಪ್ಪ ಹಿಂದಿನಿಂದ, "ಪರವಾಗಿಲ್ಲ ಅತ್ತೆ ನೀವು, ನಮ್ಮನ್ನೆಲ್ಲ ಇಲ್ಲೇ ಬಿಟ್ಟು ಟೂರ್ ಹಾಕ್ಕೊಂಡಿದೀರಿ" ಎಂದರು. ನಿಮ್ಮಲ್ಲಿ ಚಿಕ್ಕವಳು ಸೋಫಾದ ಮೇಲೆ ಹತ್ತಿ ಕುಣಿದಳು.

ಅವರ ಮಗ ಒಂದು ದೊಡ್ಡ ಹಾಳೆ ಕೊಟ್ಟು ಹೋಗಿದ್ದರು. ಗೋಡೆ ಕ್ಯಾಲೆಂಡರಿನ ಹಿಂಬದಿ. ಅದರ ಮೇಲೆ ಚೀನಾ ಅಜ್ಜಿ ಒಂಬತ್ತು ಚೌಕ ಎಳೆದು, ಅವರ ಲಿಪಿ ಓದಲು ಬಾರದವಳಿಗೆಂದು ಎಲ್ಲವನ್ನೂ ಚಿತ್ರದಲ್ಲಿ ಬರೆದಿದ್ದರು. ಮೊದಲ ದಿನ ಹಾಸಿಗೆ, ಬರೀ ಹಾಸಿಗೆ. ಎರಡನೇ ದಿನ ಸೇತುವೆ ಮತ್ತು ದೋಣಿ. ಮೂರನೇ ದಿನ ನಗಾರಿ. ದಿನಕ್ಕೆ ಎರಡಕ್ಕಿಂತ ಹೆಚ್ಚು ಜಾಗವಿರಲಿಲ್ಲ, ನನ್ನ ಮಂಡಿಗಾಗಿ. ಅಲ್ಲಲ್ಲಿ ಹಸಿರು ಚುಕ್ಕೆಗಳಿದ್ದವು. ಅವು ಮಾಂಸ ಬೆರೆಸದೆ ಅಡುಗೆ ಮಾಡುವ ಜಾಗಗಳು ಎಂದು ಅವರ ಮಗ ಹೇಳಿದರಂತೆ. ಊರಿನಲ್ಲಿರುವ ಚೀನಾ ಅಜ್ಜಿಯ ತಂಗಿ ಒಂದೊಂದು ಕಡೆಗೂ ಹೋಗಿ, ಒಗ್ಗರಣೆಗೆ ಹಂದಿಯ ಕೊಬ್ಬು ಹಾಕುತ್ತಾರೋ ಎಂದು ಅಡುಗೆಯವರನ್ನೇ ಕೇಳಿ, ಹಾಕದ ಕಡೆಗೆ ಮಾತ್ರ ಚುಕ್ಕೆ ಇಡಿಸಿದ್ದಳು. ಆ ತಂಗಿಯ ಮನೆಯಲ್ಲಿ ಒಂದು ಕೋಣೆಗೆ ಸುಣ್ಣ ಹೊಡೆಸಿಯಾಗಿತ್ತು. ಕುಕ್ಕರಗಾಲಿನಲ್ಲಿ ಕೂರಲು ನನಗೆ ಆಗುವುದಿಲ್ಲ ಎಂದು ಕಮೋಡು ಹಾಕಿಸಿಯಾಗಿತ್ತು.

ಕಮೋಡಿನ ವಿಷಯ ಕೇಳಿ ನಾನು ಕೂತುಬಿಟ್ಟೆ.

"ಬಿಡಮ್ಮ, ನಾನು ಅವರಿಗೊಂದು ಮೆಸೇಜ್ ಹಾಕ್ತೀನಿ. ಹಿಂಗಿಂಗೆ, ಭಾಷೆಯಿಂದ ಕನ್‌ಫ್ಯೂಸ್ ಆಯ್ತು, ಸಾರಿ ಅಂತ. ಎರಡು ನಿಮಿಷದ ಕೆಲಸ."

"ಬೇಡ."

"ಮತ್ತೆ?"

"ನಾನೇ ಹೇಳ್ತೀನಿ."

"ನೀನು? ಪಕ್ಕದ ಮನೆಯೋರು ಹಾಯ್ ಅಂದ್ರೆ ಕರ್ಟನ್ ಎಳೀತೀಯ."

ಅವಳು ಹೇಳಿದ್ದು ನಿಜ. ನನ್ನ ಪರವಾಗಿ ಇಲ್ಲ ಎನ್ನುವ ಕೆಲಸವನ್ನು ಯಾವಾಗಲೂ ಬೇರೆಯವರು ಮಾಡಿದ್ದಾರೆ. ಮೊದಲು ನಮ್ಮಪ್ಪ, ಆಮೇಲೆ ನಿಮ್ಮ ತಾತ. "ಅವಳು ಬರಲ್ಲ" ಎಂದು ಅವರೇ ಹೇಳಿ ಕಳಿಸುತ್ತಿದ್ದರು, ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಕೆಲವು ಕಡೆಗೆ ಹೋಗಲು ನನಗೆ ಮನಸ್ಸೂ ಇರುತ್ತಿತ್ತು.

ಇನ್ನೊಂದು ಸಂಗತಿ ನಿಮಗೆ ಹೇಳಬೇಕು, ಅದು ತಿಳಿಯದಿದ್ದರೆ ನಾನು ಯಾಕೆ ಅಷ್ಟು ಕಷ್ಟಪಟ್ಟೆ ಎಂದು ಗೊತ್ತಾಗುವುದಿಲ್ಲ. ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ ಹೋಗ್ತೀನಿ ಎನ್ನುವುದಿಲ್ಲ. ಬರ್ತೀನಿ, ಹೋಗಿ ಬರ್ತೀನಿ ಎನ್ನುತ್ತೇವೆ. ಬಾಯಿ ತಪ್ಪಿ ಮಕ್ಕಳು ಹೋಗ್ತೀನಿ ಎಂದರೆ ತಿದ್ದುತ್ತೇವೆ, ನಿಮ್ಮನ್ನೂ ತಿದ್ದಿದ್ದೇನೆ. ಒಂದೇ ಒಂದು ಜಾಗದಲ್ಲಿ ಆ ಮಾತು ಹೇಳುವುದಿಲ್ಲ: ಸಾವಿನ ಮನೆಯಲ್ಲಿ. ಅಲ್ಲಿಂದ ಏನೂ ಹೇಳದೆ ಎದ್ದು ಹೊರಟುಬಿಡಬೇಕು. ನಿಮ್ಮ ತಾತನನ್ನು ಕಳಿಸಿದ ದಿನ ನಮ್ಮ ಮನೆ ತುಂಬ ಜನ ಇದ್ದರು. ಒಬ್ಬೊಬ್ಬರೇ ಏಳುತ್ತಿದ್ದರು, ಬಾಗಿಲ ಬೆಳಕು ಒಂದು ಕ್ಷಣ ಮುಚ್ಚಿ ಮತ್ತೆ ಬರುತ್ತಿತ್ತು. ಯಾರೂ ಬರ್ತೀನಿ ಎನ್ನಲಿಲ್ಲ. ಯಾರು ಹೋದರು ಯಾರು ಉಳಿದರು ಎಂದು ತಲೆಯೆತ್ತಿ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ಬದುಕಿರುವವರ ಎದುರಿಗೆ ನಿಂತು, ಊರಿಗೆ ಹೊರಟವರಿಗೆ, ಬರುವುದಿಲ್ಲ ಎಂದು ಹೇಳುವುದು ನನ್ನ ನಾಲಿಗೆಗೆ ಅಭ್ಯಾಸವಿಲ್ಲ.

ದಿನ ತಳ್ಳಿದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಜುಲೈ ಮುಗಿಯಿತು. ಪ್ರತಿದಿನ ಕೆರೆ ಸುತ್ತುವಾಗ ಅವರು ಇನ್ನಷ್ಟು ಉತ್ಸಾಹದಿಂದ ತೋರಿಸುತ್ತಿದ್ದರು, ನಾನು ಇನ್ನಷ್ಟು ಕುಗ್ಗುತ್ತಿದ್ದೆ. ಅವರು ಹೊರಡಲು ಎರಡು ದಿನ ಉಳಿದಾಗ ನಗಾರಿ ಗೋಪುರದ ಪಕ್ಕದ ಬೆಂಚಿನಲ್ಲಿ ಕೂತು, ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಫೋನಿಗೆ ಹೇಳಿದೆ. "ನಾನು ನಿಮ್ಮ ಊರಿಗೆ ಬರಲು ಸಾಧ್ಯವಾಗುವುದಿಲ್ಲ."

ಅವರಿಗೆ ಆಶ್ಚರ್ಯವಾಗಲಿಲ್ಲ. ನಾನು ಅಳುಕುತ್ತೇನೆ ಎಂದು ಎಣಿಸಿಯೇ ಇದ್ದರು ಅನಿಸುತ್ತದೆ. "ಊಟದ ಚಿಂತೆಯೇ?" ಎಂದರು. ಹಸಿರು ಚುಕ್ಕೆಗಳನ್ನು ಗಾಳಿಯಲ್ಲಿ ಬೆರಳಿನಿಂದ ಇಟ್ಟು ತೋರಿಸಿದರು. "ಮೆಟ್ಟಿಲಿನ ಚಿಂತೆಯೇ?" ಬೆಟ್ಟಕ್ಕೆ ಹಗ್ಗದ ಮೇಲೆ ಹೋಗುವ ಬಂಡಿಯಿದೆ. "ಒಬ್ಬರೇ ವಿಮಾನದಲ್ಲಿ ಬರಬೇಕೆಂದೇ?" ಅಕ್ಟೋಬರಿನಲ್ಲಿ ಮಗ ರಜೆ ಹಾಕಿ ಊರಿಗೆ ಬರುತ್ತಾನೆ, ಅವನ ಪಕ್ಕದ ಸೀಟು. ಒಂದೊಂದೇ ಬಾಗಿಲನ್ನು ಅವರು ತೆರೆದಿಟ್ಟಿದ್ದರು. ಮುಚ್ಚಿಕೊಳ್ಳಲು ನನಗೆ ಒಂದೂ ಉಳಿಯಲಿಲ್ಲ. ಆಗ ನಿಜವನ್ನೇ ಹೇಳಿದೆ.

"ನಮ್ಮ ಭಾಷೆಯಲ್ಲಿ ಹೊರಡುವಾಗ ಹೋಗುತ್ತೇನೆ ಎಂದು ಹೇಳುವುದಿಲ್ಲ. ಬರುತ್ತೇನೆ ಎಂದು ಹೇಳುತ್ತೇವೆ. ಆ ದಿನ ನಾನು ನನ್ನ ಮನೆಗೆ ಹೊರಟಿದ್ದೆ. ಅಷ್ಟೇ."

ಅವರು ಅದನ್ನು ಫೋನಿನಿಂದ ಎರಡು ಸಲ ಹೇಳಿಸಿ ಕೇಳಿದರು.

"ಪ್ರತಿದಿನ ಹೇಳುತ್ತಿದ್ದದ್ದೂ ಅದೇ?"

"ಅದೇ."

"ಹೋಗುತ್ತೇನೆ ಎಂದರೆ ಏನಾಗುತ್ತದೆ?"

"ಸತ್ತವರು ಹೋಗುತ್ತಾರೆ" ಎಂದೆ. ಬೇರೆ ಹೇಗೆ ಹೇಳಬೇಕೆಂದು ತಿಳಿಯಲಿಲ್ಲ.

ಅವರು ನಗುತ್ತಾರೆ ಎಂದುಕೊಂಡಿದ್ದೆ, ನಿಧಾನವಾಗಿ ನಡೆಯಿರಿ ಎಂಬುದಕ್ಕೆ ನಾವು ನಕ್ಕ ಹಾಗೆ. ನಗಲಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ ಹೇಳಿದರು.

"ನಾಡಿದ್ದು ನಾನು ಹೊರಡುತ್ತೇನೆ. ಇಂದು ನೀವು ಏಳುವಾಗ ಏನು ಹೇಳುತ್ತೀರಿ? ಹೇಳಿದರೆ, ಎರಡರಲ್ಲಿ ಯಾವುದು ಎಂದು ನಾನು ತಿಳಿಯಬೇಕು?"

ಬರ್ತೀನಿ ಎಂದರೆ ಮತ್ತೆ ಸುಳ್ಳಾಗುತ್ತದೆ. ಹೇಳದಿದ್ದರೆ ಅದು ಏನೆಂದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಬಿಸಿಲು ಬೆಂಚಿನ ಮೇಲೆ ಬಂತು. ನಾನು ಎದ್ದೆ. ಬಾಯಿ ತೆರೆಯದೆ ಮನೆಯ ಕಡೆ ನಡೆದೆ.

ಮಾರನೆಯ ದಿನ ಮಂಡಿ ನೋವೆಂದು ಹೇಳಿ ಕೆರೆಗೆ ಹೋಗಲಿಲ್ಲ. ಅದರ ಮಾರನೆಯ ದಿನ ಎದುರು ಸಾಲಿನ ಮನೆಯಿಂದ ಅವರು ಹೊರಡುವುದನ್ನು ಮಹಡಿಯ ಕಿಟಕಿಯಿಂದ ನೋಡಿದೆ. ಸೂಟ್‌ಕೇಸಿಗೆ ಕಟ್ಟಿದ ಹಗ್ಗ ಸಡಿಲವಾಗಿದೆಯೆಂದು ಅವರು ಮಗನನ್ನು ಬೈಯುತ್ತಿದ್ದರು, ತಾವೇ ಮೊಣಕಾಲು ಕೊಟ್ಟು ಬಿಗಿದರು. ನಮ್ಮ ಮನೆಯ ಕಡೆ ನೋಡಲಿಲ್ಲ. ಕಾರು ಡಲ್ಲಾಸಿನ ವಿಮಾನ ನಿಲ್ದಾಣಕ್ಕೆ ಹೊರಟಿತು. ಅವರಿಗೆ ಕೈ ಬೀಸಿ ಕಳಿಸಿದೆ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ಈ ಮಾತು ನಾನು ಯಾರಿಗೂ ಹೇಳಿರಲಿಲ್ಲ.

ಮತ್ತೆ ಕೆರೆಗೆ ಹೋಗಲು ಶುರು ಮಾಡಿದೆ. ಹೋಗಬಾರದಿತ್ತೇನೋ. ಮೋರಿಯ ಮೇಲೆ ಕಾಲಿಟ್ಟರೆ ಮೂರನೇ ಕಮಾನಿನ ಗುಳಿ ನೆನಪಾಗುತ್ತದೆ. ಟಪಾಲು ಡಬ್ಬದ ಬೀಗ ತೆಗೆಯುವಾಗ ಎಡಗಡೆ ಎಳ್ಳು ಹುರಿಯುವ ವಾಸನೆ ಬರಬೇಕಿತ್ತು ಎನಿಸುತ್ತದೆ. ನಾನು ಕಣ್ಣಿನಿಂದ ನೋಡದ ಒಂದು ಊರು ನನಗೆ ಇಷ್ಟು ಗೊತ್ತು, ಕಾರಿನಲ್ಲಿ ಕೂತು ನೋಡಿದ ಊರುಗಳು ಇಷ್ಟು ಗೊತ್ತಿಲ್ಲ. ನನಗೆ ಯಾವುದರ ಭಯ ಎಂದು ನಡೆಯುತ್ತಾ ಯೋಚಿಸಿದೆ. ಊಟದ್ದೇ? ಅದಕ್ಕೆ ಚುಕ್ಕೆ ಇಟ್ಟಿದ್ದಾರೆ. ದಾರಿಯದೇ? ಜೊತೆಯಿದೆ. ಹಾಗೆ ಒಂದೊಂದನ್ನೇ ತೆಗೆದರೆ ಕೊನೆಗೆ ಉಳಿದದ್ದು ನಾಚಿಕೆ. ನನಗಾಗಿ ಅಷ್ಟೆಲ್ಲ ಮಾಡುತ್ತಾರೆಂದರೆ ನನಗೆ ನಾಚಿಕೆ. ಮದುವೆಯಾಗಿ ಹೋದ ಮನೆಯಲ್ಲೂ, ಮಗಳ ಈ ಮನೆಯಲ್ಲೂ ನಾನು ಇದ್ದದ್ದರಲ್ಲಿ ಸೇರಿಕೊಂಡವಳು. ನನ್ನೊಬ್ಬಳಿಗೆಂದು ಯಾರೂ ಕೋಣೆಗೆ ಸುಣ್ಣ ಹೊಡೆಸಿರಲಿಲ್ಲ. ಈಗ ಎಲ್ಲೋ ಒಂದು ಊರಿನಲ್ಲಿ, ಹೊರಗಿನವರು ಯಾರೂ ಇಳಿಯದ ಊರಿನಲ್ಲಿ, ಅಂಥ ಒಂದು ಕೋಣೆ ಖಾಲಿ ಬಿದ್ದಿದೆ. ಅದಕ್ಕೆ ಬಾಗಿಲು ಹಾಕಿಸುತ್ತಿರುವವಳು ನಾನು.

ಆ ವಾರವೇ ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, ನಿಮಗೂ ನೆನಪಿರಬೇಕು.

"ನನ್ನ ಪಾಸ್‌ಪೋರ್ಟ್ ಎಲ್ಲಿದೆ?"

ನಿಮ್ಮಮ್ಮ ಸೌಟು ಕೆಳಗಿಟ್ಟಳು. "ಯಾಕೆ? ಊರಿಗೆ ಹೋಗ್ಬೇಕಾ? ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲ ಚೆನ್ನಾಗಿದಾರೆ. ಚೀನಾಕ್ಕೆ."

"ನೀನೇ ಹೇಳಿ ಕ್ಯಾನ್ಸಲ್ ಮಾಡಿ ಬಂದ್ಯಲ್ಲಮ್ಮ."

"ಮಾಡಿದ್ದೆ. ಅವರ ಮಗನ್ನ ಕೇಳು, ಪಕ್ಕದ ಸೀಟು ಇನ್ನೂ ಇದೆಯಾ ಅಂತ."

ಮಾರನೆಯ ದಿನ ಫೋನಿನಲ್ಲಿ ಅವರ ಮುಖ ನೋಡಿ ಮಾತಾಡಿದೆ. ನಿಮ್ಮಮ್ಮ ತನ್ನ ಫೋನಿನಲ್ಲಿ ಮಾತು ಬದಲಾಯಿಸುವ ಆಪ್ ಹಾಕಿ ಪಕ್ಕದಲ್ಲಿ ಹಿಡಿದಿದ್ದಳು. ನಾನು ಮೊದಲು ಕ್ಷಮೆ ಕೇಳಿದೆ, ಆ ದಿನ ಏನೂ ಹೇಳದೆ ಎದ್ದು ಹೋದದ್ದಕ್ಕೆ. ಆಮೇಲೆ ಪುಸ್ತಕದ ಕನ್ನಡದಲ್ಲಿ, "ನಾನು ವಿಮಾನ ಹತ್ತಿ ನಿಮ್ಮ ಊರಿಗೆ ಬರುತ್ತೇನೆ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಪೆನ್ನು ಕೈಗೆ ತೆಗೆದುಕೊಂಡರು.

"ಯಾವ ತಾರೀಖು?" ಎಂದರು.

ಬರುತ್ತೇನೆ ಎಂಬುದನ್ನು ಅವರು ಇನ್ನು ಸುಮ್ಮನೆ ನಂಬುವ ಹಾಗಿರಲಿಲ್ಲ. ತಾರೀಖು ಹೇಳಿದೆ. ಅದನ್ನು ಬರೆದುಕೊಂಡು, ನನಗೆ ತೋರಿಸಿ, ಸರಿಯೇ ಎಂದು ಕೇಳಿದರು. ಸರಿ ಎಂದೆ. ಆಗ ಫೋನು ಪಕ್ಕಕ್ಕಿಟ್ಟು ತಂಗಿಯನ್ನು ಜೋರಾಗಿ ಕೂಗಿದರು. ಆ ಕೂಗು ಮಾತ್ರ ಯಾವ ಆಪೂ ಇಲ್ಲದೆ ಅರ್ಥವಾಯಿತು.

ನಿನ್ನೆ ನಿಮ್ಮಪ್ಪ ಲ್ಯಾಪ್‌ಟಾಪಿನಲ್ಲಿ ವೀಸಾ ಅರ್ಜಿ ತುಂಬಿಸಿದರು. ಹೆಸರು, ಹುಟ್ಟಿದ ಊರು, ಓದು, ಎಲ್ಲ ಕೇಳಿ ಕೇಳಿ ಹಾಕಿದರು. ಒಂದು ಕಡೆ ನಿಂತರು.

"ಅತ್ತೆ, ಯಾತಕ್ಕೆ ಹೋಗ್ತಿದೀರಿ ಅಂತ ಕೇಳಿದೆ. ಟೂರಿಸಂ ಅಂತ ಹಾಕ್ಬಿಡ್ಲಾ? ಹೇಗೂ ಸೇತುವೆ, ಗೋಪುರ ನೋಡೋಕೆ ತಾನೇ. ಹೋಟೆಲ್ ಬುಕಿಂಗ್ ಒಂದು ತೋರಿಸಿದ್ರೆ ಮುಗೀತು."

"ಇನ್ನೊಂದು ಏನಿದೆ?"

"ಫ್ರೆಂಡ್ಸ್ ವಿಸಿಟ್ ಅಂತಿದೆ. ಅದಕ್ಕೆ ಪೇಪರ್ಸ್ ಜಾಸ್ತಿ. ಅವರ ಲೆಟರ್ ಬೇಕು, ಅವರ ಐಡಿ ಬೇಕು. ಲೇಟ್ ಆಗ್ಬಹುದು."

ನಿಮ್ಮಪ್ಪನ ಎದುರಿಗೆ ನಾನು ಕುರ್ಚಿಯಲ್ಲಿ ಕೂತು ಮಾತಾಡುವುದೇ ಕಡಿಮೆ. ಕೂತೇ ಹೇಳಿದೆ: "ಲೇಟಾದರೂ ಪರವಾಗಿಲ್ಲ. ಅದನ್ನೇ ಹಾಕಿ."

ಅವರು ನನ್ನ ಮುಖ ನೋಡಿದರು. ಆಮೇಲೆ ಟೂರಿಸಂ ಎಂಬುದರ ಮುಂದಿದ್ದ ಗುರುತು ತೆಗೆದು ಕೆಳಗಿನ ಚೌಕದಲ್ಲಿ ಹಾಕಿದರು. ಚೀನಾ ಅಜ್ಜಿಯ ಪತ್ರ ಇನ್ನೂ ಬರಬೇಕು.